ಹಳೆಯ ಕಾರಿಗೆ ಬದಲಿ ಟೈರಿನ ಅಳತೆ ಆರಿಸುವ ಬಗೆ

ಮೂವತ್ತು ನಲವತ್ತು ವರ್ಷ ಹಿಂದಿನ ಕಾರಿಗೆ ಹೊಸ ಟೈರು ಹಾಕಿಸಲು ಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ, ಕಾರಿನ ಕೈಪಿಡಿಯಲ್ಲಿ ಅಚ್ಚಾಗಿರುವ ಅಳತೆ ಅಂಗಡಿಯ ಪಟ್ಟಿಯಲ್ಲಿ ಇರುವುದೇ ಇಲ್ಲ. ಕೈಪಿಡಿ 165 ಎಸ್‌ಆರ್ 13 ಎನ್ನುತ್ತದೆ. ಅಂಗಡಿಯವರು 175/70 ಆರ್ 13 ತಂದಿಟ್ಟು, ಇದು ಕೂರುತ್ತದೆ ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಟೈರು ರಿಮ್ಮಿನ ಮೇಲೆ ಕೂರುವುದಕ್ಕೆ ಕೊನೆಯ 13 ಎಂಬ ಅಂಕಿ ಹೊಂದಿಕೊಂಡರೆ ಸಾಕು. ಕಾರು ಆ ಟೈರಿನ ಮೇಲೆ ನೆಟ್ಟಗೆ ಓಡುವುದಕ್ಕೆ ಚಕ್ರದ ಒಟ್ಟು ಎತ್ತರ, ರಿಮ್ಮಿನ ಅಗಲ, ಹೊರಬೇಕಾದ ಭಾರ, ಮಡ್‌ಗಾರ್ಡಿನ ಒಳಗಿನ ಜಾಗ ಇವೆಲ್ಲವೂ ಒಪ್ಪಬೇಕು. ಎತ್ತರದ ಲೆಕ್ಕವನ್ನು ಈಗ ಬಹಳ ಜನ ಮಾಡುತ್ತಾರೆ. ರಿಮ್ಮಿನ ಅಗಲವನ್ನು ಮರೆಯುತ್ತಾರೆ, ಮತ್ತು ನಾನು ಕಂಡಂತೆ ಹಳೆಯ ಕಾರುಗಳಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ.

ಆರಂಭದಲ್ಲೇ ಒಂದು ಎಚ್ಚರ: ಈಗ ಕಾರಿನಲ್ಲಿರುವ ಟೈರಿನ ಮೇಲಿನ ಅಳತೆಯನ್ನು ನಂಬಿ ಹೊರಡಬಾರದು. ಹಳೆಯ ಕಾರು ನಾಲ್ಕಾರು ಕೈ ದಾಟಿ ಬಂದಿರುತ್ತದೆ. ಹಿಂದಿನವರು ಆ ಹೊತ್ತಿಗೆ ಸಿಕ್ಕಿದ್ದನ್ನು ಹಾಕಿಸಿರಬಹುದು, ಮುಂದೆ ಒಂದು ಅಳತೆ ಹಿಂದೆ ಒಂದು ಅಳತೆ ಇರಲೂಬಹುದು. ಮೂಲ ಅಳತೆ ಮಾಲೀಕರ ಕೈಪಿಡಿಯಲ್ಲಿ, ಚಾಲಕನ ಬಾಗಿಲ ಕಂಬಕ್ಕೆ ಅಥವಾ ಗ್ಲೋವ್ ಬಾಕ್ಸಿನ ಮುಚ್ಚಳದ ಒಳಮೈಗೆ ಅಂಟಿಸಿದ ಚೀಟಿಯಲ್ಲಿ, ಇಲ್ಲವೇ ಆ ಮಾದರಿಯ ವರ್ಕ್‌ಶಾಪ್ ಕೈಪಿಡಿಯಲ್ಲಿ ಸಿಗುತ್ತದೆ. ಒಂದೇ ಮಾದರಿಗೆ ಎರಡು ಮೂರು ಅಳತೆಗಳನ್ನು ಕೊಟ್ಟಿರುವುದು ಅಪರೂಪವಲ್ಲ. ಹಾಗಿದ್ದರೆ ಎಲ್ಲವನ್ನೂ ಬರೆದಿಟ್ಟುಕೊಳ್ಳಿ, ಏಕೆಂದರೆ ದುಬಾರಿ ಆವೃತ್ತಿಗೆ ಕೊಟ್ಟಿದ್ದ ಅಳತೆ ಇಂದಿಗೂ ಮಾರುಕಟ್ಟೆಯಲ್ಲಿ ಇರಬಹುದು, ಆಗ ಮುಂದಿನ ಲೆಕ್ಕಾಚಾರದ ಅರ್ಧದಷ್ಟು ತಪ್ಪುತ್ತದೆ.

ಟೈರಿನಂತೆ ರಿಮ್ಮು ಕೂಡ ಬದಲಾಗಿರಬಹುದಾದ್ದರಿಂದ ಅದನ್ನೂ ಕಣ್ಣಾರೆ ನೋಡಬೇಕು. ಚಕ್ರವನ್ನು ಬಿಚ್ಚಿ, ಒಳಮೈ ಮೇಲೆ ಮಾಡಿ ಮಲಗಿಸಿ, ಬೋಲ್ಟ್ ತೂತುಗಳ ಸುತ್ತಲಿನ ಜಾಗವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಒದ್ದೆ ಬಟ್ಟೆಯಿಂದ ಒರೆಸಿದರೆ, ವರ್ಷಗಟ್ಟಲೆ ಕೂತ ಕೆಸರು ಮತ್ತು ತುಕ್ಕಿನ ಅಡಿಯಿಂದ 4½ ಜೆ × 13 ಎಂಬಂಥ ಅಚ್ಚು ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಇಲ್ಲಿ 4½ ಎಂಬುದು ರಿಮ್ಮಿನ ಅಗಲ, ಅಂಗುಲಗಳಲ್ಲಿ, ಜೆ ಎಂಬುದು ಅಂಚಿನ ಆಕಾರದ ಗುರುತು, 13 ವ್ಯಾಸ. ಪಕ್ಕದಲ್ಲಿ ಇಟಿ ಎಂದು ಬರೆದು ಒಂದು ಅಂಕಿ ಇದ್ದರೆ ಅದು ಆಫ್‌ಸೆಟ್, ಅಂದರೆ ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ (ಚಕ್ರವನ್ನು ಬಿಗಿಯುವ ಆಕ್ಸಲಿನ ತುದಿಗೆ) ತಾಗುವ ಮೈ ಎಷ್ಟು ಮಿಲಿಮೀಟರು ಸರಿದಿದೆ ಎಂಬ ಲೆಕ್ಕ. ಅಚ್ಚು ಪೂರಾ ಅಳಿಸಿಹೋಗಿದ್ದರೆ, ಟೈರು ತೆಗೆಸಿದಾಗ ಎರಡು ಅಂಚುಗಳ ಒಳಮೈಗಳ ನಡುವಿನ ಅಂತರವನ್ನು ಅಳೆಯಬೇಕು. ಹೊರಗಿನ ಅಂಚಿನಿಂದ ಹೊರಗಿನ ಅಂಚಿಗೆ ಟೇಪು ಹಿಡಿದರೆ ಹತ್ತಿರ ಹತ್ತಿರ ಒಂದು ಅಂಗುಲ ಹೆಚ್ಚು ಬರುತ್ತದೆ, ಈ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೇನೆ.

ಇನ್ನು ಹಳೆಯ ಬರಹವನ್ನು ಓದುವ ವಿಷಯ. ಇಂದಿನ 185/70 ಆರ್ 14 88 ಟಿ ಎಂಬ ಗುರುತಿನಲ್ಲಿ 185 ಎಂಬುದು ಟೈರಿನ ಅಗಲ ಮಿಲಿಮೀಟರುಗಳಲ್ಲಿ, 70 ಎಂಬುದು ಆ ಅಗಲದ ಶೇಕಡಾ ಎಷ್ಟು ಭಾಗ ಪಕ್ಕದ ಗೋಡೆಯ ಎತ್ತರ ಎಂಬುದು, ಆರ್ ಎಂದರೆ ರೇಡಿಯಲ್ (ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ಅಡ್ಡಲಾಗಿ ಹಾಯುವ ಬಗೆ), 14 ರಿಮ್ಮಿನ ವ್ಯಾಸ ಅಂಗುಲಗಳಲ್ಲಿ, 88 ಭಾರದ ಸೂಚ್ಯಂಕ, ಟಿ ವೇಗದ ಗುರುತು. ಹಳೆಯ 165 ಎಸ್‌ಆರ್ 13 ರಲ್ಲಿ ಶೇಕಡಾವಾರು ಅಂಕಿ ಕಾಣೆಯಾಗಿದೆ. ಅದು ಬಿಟ್ಟುಹೋದದ್ದಲ್ಲ, ಆ ಕಾಲದ ರೇಡಿಯಲ್ ಟೈರುಗಳೆಲ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದವಾಗಿದ್ದುದರಿಂದ ಬರೆಯುವ ಅಗತ್ಯವೇ ಇರಲಿಲ್ಲ. ಆ ಪ್ರಮಾಣವನ್ನು 80 ಅಥವಾ 82 ಎಂದು ಹಿಡಿಯಬೇಕು. ನಡುವೆ ಸಿಕ್ಕಿಕೊಂಡಿರುವ ಎಸ್ ಅಕ್ಷರ ಗಂಟೆಗೆ 180 ಕಿಲೋಮೀಟರಿನ ಗುರುತು, ಎಚ್ ಇದ್ದರೆ 210.

ಅದಕ್ಕೂ ಹಿಂದಿನ ಕಾರುಗಳಲ್ಲಿ 5.60-15 ಎಂಬ ಬರಹ ಕಾಣುತ್ತದೆ. ಇದು ಕ್ರಾಸ್‌ಪ್ಲೈ ಟೈರು, ಅಂದರೆ ಒಳಗಿನ ದಾರದ ಪದರಗಳು ಒಂದನ್ನೊಂದು ಓರೆಯಾಗಿ ದಾಟುವ ಹಳೆಯ ಬಗೆ. ಇಲ್ಲಿ ಅಗಲವೂ ಅಂಗುಲದಲ್ಲೇ ಇದೆ, ಗೋಡೆಯ ಎತ್ತರ ಅಗಲಕ್ಕೆ ಸರಿಸುಮಾರು ಸಮನಾಗಿರುತ್ತದೆ. ಸಾಮಾನ್ಯವಾಗಿ 5.20 ಇದ್ದಲ್ಲಿ 145, 5.60 ಇದ್ದಲ್ಲಿ 155, 5.90 ಇದ್ದಲ್ಲಿ 165 ಅಗಲದ ಪೂರ್ಣ ಎತ್ತರದ (ಮೇಲೆ ಹೇಳಿದ 80 ಅಥವಾ 82 ಪ್ರಮಾಣದ) ರೇಡಿಯಲ್ ಹೊಂದುತ್ತದೆ ಎಂದು ಲೆಕ್ಕ. ಅಮೆರಿಕದ ಕಾರುಗಳಲ್ಲಿ 1960ರ ದಶಕದ ಕೊನೆಯಿಂದ ಕೆಲವು ವರ್ಷ ಇ78-14 ಎಂಬಂಥ ಬರಹ ನಡೆಯಿತು; ಅಲ್ಲಿ ಮೊದಲ ಅಕ್ಷರ ಅಗಲವನ್ನಲ್ಲ, ಹೊರುವ ಭಾರದ ವರ್ಗವನ್ನು ಹೇಳುತ್ತದೆ, ಇಂದಿನ ಲೆಕ್ಕದಲ್ಲಿ ಅದು 195/75 ಆರ್ 14 ರ ಆಸುಪಾಸಿಗೆ ಬರುತ್ತದೆ. ಎಲ್ಲಕ್ಕಿಂತ ಅಪಾಯಕಾರಿ ಬರಹವೆಂದರೆ ಕೊನೆಯಲ್ಲಿ 365 ಅಥವಾ 390 ಎಂಬ ಮೂರಂಕಿಯ ಸಂಖ್ಯೆ ಇರುವುದು. ಮಿಶೆಲಿನ್ ಕಂಪನಿ 1970ರ ದಶಕದಲ್ಲಿ ತಂದ ಟಿಆರ್‌ಎಕ್ಸ್ ಟೈರುಗಳ ರಿಮ್ಮಿನ ವ್ಯಾಸ ಮಿಲಿಮೀಟರುಗಳಲ್ಲಿತ್ತು. 390 ಎಂದರೆ 15 ಅಂಗುಲಕ್ಕಿಂತ ಸುಮಾರು ಮೂರನೇ ಒಂದಂಗುಲ ಹೆಚ್ಚು. ಅಂಥ ರಿಮ್ಮಿಗೆ ಅಂಗುಲದ ಅಳತೆಯ ಯಾವ ಟೈರೂ ಹೊಂದುವುದಿಲ್ಲ, ಬಲವಂತವಾಗಿ ಕೂರಿಸಲು ಹೋದರೆ ಬೀಡ್ (ರಿಮ್ಮನ್ನು ಕಚ್ಚಿ ಹಿಡಿಯುವ ಟೈರಿನ ಅಂಚು) ಹರಿದು ಪ್ರಾಣಕ್ಕೇ ಸಂಚಕಾರ. ಅಲ್ಲಿ ಇರುವ ದಾರಿ ಎರಡೇ: ಅದೇ ಜಾತಿಯ ಟೈರು ಹುಡುಕುವುದು, ಇಲ್ಲವೇ ರಿಮ್ಮನ್ನೇ ಬದಲಿಸುವುದು.

ಈಗ ಎತ್ತರದ ಲೆಕ್ಕ. ಟೈರಿನ ಅಗಲವನ್ನು ಶೇಕಡಾವಾರು ಅಂಕಿಯಿಂದ ಗುಣಿಸಿ ನೂರರಿಂದ ಭಾಗಿಸಿದರೆ ಒಂದು ಬದಿಯ ಗೋಡೆಯ ಎತ್ತರ ಬರುತ್ತದೆ. ಅದನ್ನು ಎರಡರಷ್ಟು ಮಾಡಿ, ರಿಮ್ಮಿನ ಅಂಗುಲಗಳನ್ನು 25.4 ರಿಂದ ಗುಣಿಸಿ ಕೂಡಿಸಿದರೆ ಚಕ್ರದ ಒಟ್ಟು ವ್ಯಾಸ ಸಿಗುತ್ತದೆ. ಮೇಲಿನ 165 ಆರ್ 13 ನ್ನೇ ತೆಗೆದುಕೊಂಡು ಪ್ರಮಾಣ 80 ಎಂದು ಹಿಡಿದರೆ ಗೋಡೆ 132, ಎರಡು ಗೋಡೆ 264, ರಿಮ್ಮು 330, ಒಟ್ಟು 594 ಮಿ.ಮೀ.; 82 ಎಂದು ಹಿಡಿದರೆ 601. ಅಂಗಡಿಯವರು ತಂದಿಟ್ಟ 175/70 ಆರ್ 13 ರ ವ್ಯಾಸ 575. ಅಂದರೆ ಶೇಕಡಾ ಮೂರರಿಂದ ನಾಲ್ಕೂಕಾಲರಷ್ಟು ಚಿಕ್ಕದು. ಸಂಖ್ಯೆಯಲ್ಲಿ ಅಗಲ ಹತ್ತು ಹೆಚ್ಚಾದ್ದರಿಂದ ದೊಡ್ಡ ಟೈರು ಕೊಂಡೆವೆಂದು ಅನಿಸುತ್ತದೆ, ನಿಜದಲ್ಲಿ ಕಾರು ಹತ್ತು ಹದಿಮೂರು ಮಿಲಿಮೀಟರು ನೆಲಕ್ಕೆ ಇಳಿಯುತ್ತದೆ, ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತು ತಿರುಗುತ್ತದೆ, ಸ್ಪೀಡೋಮೀಟರು 100 ತೋರಿಸುವಾಗ ಕಾರು 96 ರಿಂದ 97 ರಲ್ಲಿ ಓಡುತ್ತಿರುತ್ತದೆ. ಮೊದಲೇ ಅರಚುತ್ತಾ ಓಡುವ ನಾಲ್ಕು ಗೇರಿನ ಕಾರಿನಲ್ಲಿ ಈ ವ್ಯತ್ಯಾಸ ಕಿವಿಗೆ ಚೆನ್ನಾಗಿಯೇ ತಿಳಿಯುತ್ತದೆ. ಅದೇ 185/70 ಆರ್ 13 ರ ವ್ಯಾಸ 589. ಮೂಲಕ್ಕೆ ಶೇಕಡಾ ಎರಡರ ಒಳಗೇ ಇದೆ. ಹಳೆಯ ಮಿನಿ ಕಾರಿನ 145 ಆರ್ 10 ಕ್ಕೆ 165/70 ಆರ್ 10 ಇನ್ನೂ ಅಚ್ಚುಕಟ್ಟಾಗಿ ಹೊಂದುತ್ತದೆ: ಒಂದು 486, ಇನ್ನೊಂದು 485.

ಎಷ್ಟು ವ್ಯತ್ಯಾಸವನ್ನು ಒಪ್ಪಬಹುದು? ನಾನು ಇಟ್ಟುಕೊಂಡಿರುವ ಮಿತಿ, ಚಿಕ್ಕದಾಗುವ ಕಡೆಗೆ ಶೇಕಡಾ 3, ದೊಡ್ಡದಾಗುವ ಕಡೆಗೆ ಶೇಕಡಾ 1.5. ಎರಡೂ ಕಡೆ ಒಂದೇ ಮಿತಿ ಇಡದಿರಲು ಕಾರಣವಿದೆ. ಚಕ್ರ ದೊಡ್ಡದಾದರೆ ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಸಾಧ್ಯತೆ ಇರುತ್ತದೆ. ಅಂತರರಾಷ್ಟ್ರೀಯ ವಾಹನ ನಿಯಮಗಳೂ ಮೀಟರು ತೋರಿಸುವ ವೇಗ ನಿಜವಾದ ವೇಗಕ್ಕಿಂತ ಕಡಿಮೆ ಇರಲೇಬಾರದೆಂದು ಹೇಳುತ್ತವೆ. ಜೊತೆಗೆ ದೊಡ್ಡ ಚಕ್ರ ಮಡ್‌ಗಾರ್ಡಿಗೆ ತಾಗುವ ಭಯವೂ ಹೆಚ್ಚು. ನಿಮ್ಮ ಕಾರಿನ ಮೂಲ ಟೈರು ಇನ್ನೂ ಒಂದಾದರೂ ಉಳಿದಿದ್ದರೆ, ಕಾಗದದ ಲೆಕ್ಕಕ್ಕಿಂತ ನಂಬಬಹುದಾದ ಇನ್ನೊಂದು ಉಪಾಯವಿದೆ: ಟೈರಿನ ಬುಡಕ್ಕೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಕಾರನ್ನು ನೆಟ್ಟಗೆ ಮೂರು ಸುತ್ತು ಉರುಳುವಷ್ಟು ತಳ್ಳಿ, ಎರಡು ಗುರುತುಗಳ ನಡುವಿನ ದೂರವನ್ನು ಅಳೆದು ಮೂರರಿಂದ ಭಾಗಿಸಬೇಕು. ಭಾರ ಹೊತ್ತ ಟೈರು ಬುಡದಲ್ಲಿ ತುಸು ಚಪ್ಪಟೆಯಾಗುವುದರಿಂದ ಈ ಸುತ್ತಳತೆ ಕಾಗದದ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಸವೆದ ಟೈರಾದರೆ ಇನ್ನೂ ಕಡಿಮೆ.

ಎತ್ತರ ಒಪ್ಪಿತೆಂದು ಹಣ ಕೊಡುವ ಮೊದಲು ರಿಮ್ಮಿನ ಅಗಲಕ್ಕೆ ಬರೋಣ. ಪ್ರತಿಯೊಂದು ಟೈರಿಗೂ ಕನಿಷ್ಠ ಎಷ್ಟು ಅಗಲದ ರಿಮ್ಮು, ಗರಿಷ್ಠ ಎಷ್ಟು ಅಗಲದ ರಿಮ್ಮು ಎಂದು ತಯಾರಕರು ನಿಗದಿ ಮಾಡಿರುತ್ತಾರೆ, ಮತ್ತು ಟೈರಿನ ಪಕ್ಕದ ಗೋಡೆಯ ಮೇಲೆ ಈ ಅಂಕಿ ಸಾಮಾನ್ಯವಾಗಿ ಇರುವುದಿಲ್ಲ. ತಯಾರಕರ ತಾಂತ್ರಿಕ ಪಟ್ಟಿಯಲ್ಲೇ ನೋಡಬೇಕು. ಫೋಕ್ಸ್‌ವ್ಯಾಗನ್ ಬೀಟಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ 165 ಆರ್ 15 ಟೈರಿನ ವ್ಯಾಸ 645 ಮಿ.ಮೀ.; ಇಂದು ಎಲ್ಲೆಡೆ ಸಿಗುವ 195/65 ಆರ್ 15 ರ ವ್ಯಾಸ 634.5. ವ್ಯತ್ಯಾಸ ಶೇಕಡಾ 1.6 ಮಾತ್ರ, ಲೆಕ್ಕದಲ್ಲಿ ಸೊಗಸಾಗಿ ಕೂರುತ್ತದೆ. ಆದರೆ ಆ ಟೈರು ಬಯಸುವ ರಿಮ್ಮು 5½ ರಿಂದ 7 ಅಂಗುಲ, ಬೀಟಲ್‌ನ ಮೂಲ ರಿಮ್ಮು 4 ಅಥವಾ 4½. ಇಷ್ಟು ಕಿರಿದಾದ ರಿಮ್ಮಿನಲ್ಲಿ ಅಗಲದ ಟೈರನ್ನು ಹಿಡಿದಿಟ್ಟರೆ ಬಾಯಿ ಕಟ್ಟಿದ ಚೀಲದಂತೆ ಗೋಡೆಗಳು ಒಳಕ್ಕೆ ವಾಲಿ, ನೆಲಕ್ಕೆ ತಾಗುವ ಮೈ ನಡುವೆ ಉಬ್ಬುತ್ತದೆ; ಅಲ್ಲಿನ ರಬ್ಬರಿನ ಬಟನ್ನು ನಡುವಿನಲ್ಲೇ ಬೇಗ ಸವೆಯುತ್ತದೆ, ತಿರುವಿನಲ್ಲಿ ಗೋಡೆ ಮಡಚಿಕೊಂಡು ಕಾರು ಸ್ಟಿಯರಿಂಗಿನ ಮಾತಿಗೆ ಒಂದು ಗಳಿಗೆ ತಡವಾಗಿ ಓಗೊಡುತ್ತದೆ. ಅಂದರೆ ಅಗಲದ ಟೈರು ಹಾಕಿಸಿದ್ದರಿಂದ ಹಿಡಿತ ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಪಟ್ಟಿ ಕೈಗೆ ಸಿಗದಿದ್ದಾಗ ಅಂದಾಜಿಗೆ, ರಿಮ್ಮಿನ ಅಗಲ ಟೈರಿನ ಅಗಲದ ಶೇಕಡಾ 70 ರಿಂದ 75 ಇದ್ದರೆ ಹೊಂದಾಣಿಕೆ ಚೆನ್ನಾಗಿದೆ ಎಂದುಕೊಳ್ಳಬಹುದು: 4½ ಅಂಗುಲ ಎಂದರೆ 114 ಮಿ.ಮೀ., ಅದು 165 ಕ್ಕೆ ಸರಿಯಾಗಿ ಹೊಂದುತ್ತದೆ, 175 ಕ್ಕೆ ನಡೆಯುತ್ತದೆ, 185 ಕ್ಕೆ ಕೆಳಅಂಚಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಎತ್ತರದಲ್ಲಿ ಗೆದ್ದ 185/70 ಆರ್ 13 ನ್ನು 4½ ಅಂಗುಲದ ರಿಮ್ಮಿಗೆ ತಯಾರಕರ ಪಟ್ಟಿ ಒಪ್ಪದೆ ಹಾಕಿಸಬಾರದು. 5 ಅಂಗುಲದ ರಿಮ್ಮಿದ್ದರೆ ಮನಸ್ಸಿಗೆ ಹೆಚ್ಚು ಸಮಾಧಾನ.

ಎರಡು ಮೂರು ಅಳತೆಗಳು ಈ ಜರಡಿಯಲ್ಲಿ ಉಳಿದುಕೊಂಡರೆ ನಾನು ಅವುಗಳಲ್ಲಿ ಕಿರಿದಾದುದನ್ನೇ ಆರಿಸುತ್ತೇನೆ. ಪವರ್ ಸ್ಟಿಯರಿಂಗ್ ಇಲ್ಲದ ಕಾರಿನಲ್ಲಿ ಅಗಲದ ಟೈರು ನಿಲ್ಲಿಸುವಾಗ ತೋಳು ಸೋಲಿಸುತ್ತದೆ, ನೀರು ನಿಂತ ರಸ್ತೆಯಲ್ಲಿ ಬೇಗ ತೇಲುತ್ತದೆ, ರಸ್ತೆಯ ಗಾಡಿಜಾಡಿನ ಹಿಂದೆ ಹೋಗುತ್ತದೆ, ನಲವತ್ತು ವರ್ಷದ ಬೇರಿಂಗು ಬುಷ್ಷುಗಳ ಮೇಲೆ ಹೆಚ್ಚಿನ ಹೊರೆ ಹಾಕುತ್ತದೆ. ನೋಡಲು ತುಂಬಿಕೊಂಡಂತೆ ಕಾಣುತ್ತದೆ ಎಂಬುದೊಂದೇ ಅದರ ಲಾಭ.

ಭಾರದ ಲೆಕ್ಕದಲ್ಲಿ ರಾಜಿ ಇಲ್ಲ. ಕೈಪಿಡಿಯಲ್ಲೋ ಕಾರಿನ ತಗಡಿನ ಫಲಕದಲ್ಲೋ ಮುಂದಿನ ಮತ್ತು ಹಿಂದಿನ ಆಕ್ಸಲಿನ ಗರಿಷ್ಠ ಭಾರ ಬರೆದಿರುತ್ತದೆ. ಹೆಚ್ಚಿರುವುದನ್ನು ಎರಡರಿಂದ ಭಾಗಿಸಿದರೆ ಒಂದು ಟೈರು ಹೊರಬೇಕಾದ ಕನಿಷ್ಠ ಭಾರ ಸಿಗುತ್ತದೆ. ಹಿಂದಿನ ಆಕ್ಸಲಿಗೆ 780 ಕೆ.ಜಿ. ಎಂದಿದ್ದರೆ ಒಂದು ಟೈರಿಗೆ 390. ಸೂಚ್ಯಂಕ 75 ಎಂದರೆ 387 ಕೆ.ಜಿ., ಮೂರು ಕೆ.ಜಿ. ಕಡಿಮೆ, ಆದ್ದರಿಂದ ಅದು ಆಗದು. 77 ಎಂದರೆ 412, ಅದು ಆಗುತ್ತದೆ. 79 (437), 82 (475) ಇದ್ದರೆ ಇನ್ನೂ ನಿಶ್ಚಿಂತೆ. ವೇಗದ ಅಕ್ಷರ ಮೂಲಕ್ಕಿಂತ ಕೆಳಗಿಳಿಯಬಾರದು: ಎಸ್ 180, ಟಿ 190, ಎಚ್ 210, ವಿ 240. ಇಂದಿನ ಮಾಮೂಲಿ ಟೈರುಗಳೇ ಟಿ ಆಗಿರುವುದರಿಂದ ಸಾಧಾರಣ ಕಾರುಗಳಿಗೆ ಇಲ್ಲಿ ತೊಂದರೆಯಾಗುವುದಿಲ್ಲ.

ಆದರೆ ಇಲ್ಲೊಂದು ಬಲೆ ಇದೆ. ಬೇರೆಲ್ಲೂ ಸಿಗದ 165 ಆರ್ 13 ಅಳತೆ ಒಂದು ಕಡೆ ಸಿಕ್ಕಿತೆಂದು ಹಿಗ್ಗುವ ಮುನ್ನ ಕೊನೆಯಲ್ಲಿ ಸಿ ಅಕ್ಷರ ಇದೆಯೇ ನೋಡಿ. 165 ಆರ್ 13 ಸಿ ಎಂಬುದು ಸರಕು ವ್ಯಾನಿನ ಟೈರು. ಭಾರದ ಸೂಚ್ಯಂಕ 94/92 ಎಂದು ಜೋಡಿಯಾಗಿ ಬರೆದಿರುವುದೂ ಅದರ ಗುರುತೇ. ಭಾರ ಹೊರುವುದರಲ್ಲಿ ಅದು ಕಾರಿನ ಟೈರಿಗಿಂತ ಎಷ್ಟೋ ಗಟ್ಟಿ, ಆದರೆ ಆ ಗಟ್ಟಿತನವೇ ಹಗುರವಾದ ಕಾರಿಗೆ ಶತ್ರು: ಗೋಡೆ ಬಗ್ಗದೆ, ಹಳ್ಳದಿಣ್ಣೆಯ ಹೊಡೆತವೆಲ್ಲ ನೇರ ಬೆನ್ನಿಗೆ ಬರುತ್ತದೆ. ಇನ್ನೂ ಕೆಟ್ಟದ್ದೆಂದರೆ ಎಫ್‌ಆರ್‌ಟಿ ಎಂಬ ಗುರುತು. ಅದು ಎಳೆದೊಯ್ಯುವ ಟ್ರೇಲರಿಗೆಂದೇ ಮಾಡಿದ ಟೈರು. ಎಂಜಿನ್ನಿನ ಎಳೆತವನ್ನಾಗಲಿ ಸ್ಟಿಯರಿಂಗಿನ ತಿರುವನ್ನಾಗಲಿ ತಡೆದುಕೊಳ್ಳಲು ಮಾಡಿದ್ದಲ್ಲ. ಹತ್ತು, ಹನ್ನೆರಡು ಅಂಗುಲದ ಸಣ್ಣ ಅಳತೆಗಳನ್ನು ಹುಡುಕುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಜಾಗವನ್ನು ಅಳೆಯುವ ಕೆಲಸ ಕೊಳ್ಳುವ ಮೊದಲೇ ಅರ್ಧ ಮುಗಿಯಬೇಕು. ರಿಮ್ಮು ಅದೇ ಆಗಿದ್ದರೆ, 20 ಮಿ.ಮೀ. ಅಗಲ ಹೆಚ್ಚಾದ ಟೈರು ಒಳಕ್ಕೆ 10, ಹೊರಕ್ಕೆ 10 ಬೆಳೆಯುತ್ತದೆ. ಒಳಗೆ ಡ್ಯಾಂಪರು (ಶಾಕ್ ಅಬ್ಸಾರ್ಬರು), ಎಲೆ ಸ್ಪ್ರಿಂಗು, ಬ್ರೇಕಿನ ರಬ್ಬರ್ ಕೊಳವೆ. ಹೊರಗೆ ಮಡ್‌ಗಾರ್ಡಿನ ಒಳಕ್ಕೆ ಮಡಚಿದ ತುಟಿ. ಬೆಳೆದ ಮೇಲೂ ಎರಡೂ ಕಡೆ ಕಿರುಬೆರಳು ಸಲೀಸಾಗಿ ಆಡುವಷ್ಟು ಸಂದು ಉಳಿಯಬೇಕು. ಎಲೆ ಸ್ಪ್ರಿಂಗಿನ ಹಿಂದಿನ ಆಕ್ಸಲ್ ತಿರುವಿನಲ್ಲಿ ಪಕ್ಕಕ್ಕೂ ಸರಿಯುತ್ತದೆ, ಅಲ್ಲಿ ಇನ್ನೂ ಸ್ವಲ್ಪ ಉದಾರವಾಗಿರಿ. ನಾಲ್ಕನ್ನೂ ಒಮ್ಮೆಗೇ ಹಾಕಿಸದೆ ಮೊದಲು ಒಂದನ್ನು ಹಾಕಿಸಿ, ಟೈರಿನ ಭುಜಕ್ಕೆ ಸುತ್ತಲೂ ಸೀಮೆಸುಣ್ಣವನ್ನು ದಟ್ಟವಾಗಿ ಬಳಿಯಿರಿ. ಹಿಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿಕೊಂಡು, ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಾ ನಿಧಾನವಾಗಿ ಒಂದು ಉಬ್ಬನ್ನು ಹತ್ತಿಳಿಸಿ ಬಂದು, ಟಾರ್ಚು ಹಿಡಿದು ಮಡ್‌ಗಾರ್ಡಿನ ಒಳಗೆ ನೋಡಿ. ತುಟಿಯ ಮೇಲೆ ಉಗುರಿನಷ್ಟಗಲ ಬಿಳಿ ಗೀಟು ಬಿದ್ದಿದ್ದರೂ ಆ ಟೈರು ಆ ಕಾರಿಗಲ್ಲ. ಪರೀಕ್ಷೆಯನ್ನು ಮುಂದೊಂದು ಸಲ, ಹಿಂದೊಂದು ಸಲ ಮಾಡಬೇಕು. ಸ್ಟೆಪ್ನಿ ಇಡುವ ಗುಂಡಿಗೆ ಹೊಸ ಟೈರು ಇಳಿಯುತ್ತದೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿಬಿಡಿ. ಡಿಕ್ಕಿಯ ಮುಚ್ಚಳ ಮುಚ್ಚದಿರುವುದು ನಾಲ್ಕು ಟೈರುಗಳನ್ನೂ ಹಾಕಿಸಿದ ಮೇಲೆ ತಿಳಿಯಬಾರದು.

ಕ್ರಾಸ್‌ಪ್ಲೈ ಕಾರನ್ನು ರೇಡಿಯಲ್‌ಗೆ ಬದಲಿಸುವವರು ಸ್ಟೆಪ್ನಿ ಸೇರಿ ಐದನ್ನೂ ಒಟ್ಟಿಗೆ ಬದಲಿಸುವುದು ಒಳ್ಳೆಯದು. ಒಂದೇ ಆಕ್ಸಲಿನಲ್ಲಿ ಎರಡು ಜಾತಿ ಬೆರೆಸುವುದು ಎಂದೂ ಕೂಡದು; ತಾತ್ಕಾಲಿಕವಾಗಿ ಬೆರೆಸಲೇಬೇಕಾಗಿ ಬಂದರೆ ರೇಡಿಯಲ್ ಹಿಂದಿರಬೇಕು, ಮುಂದೆ ಅಲ್ಲ, ಏಕೆಂದರೆ ಹಿಡಿತ ಹೆಚ್ಚಿರುವ ಟೈರು ಮುಂದಿದ್ದರೆ ತಿರುವಿನಲ್ಲಿ ಕಾರಿನ ಬಾಲ ಜಾರುತ್ತದೆ. ಹಳೆಯ ರಿಮ್ಮುಗಳಲ್ಲಿ ಬೀಡನ್ನು ಒಳಕ್ಕೆ ಜಾರದಂತೆ ತಡೆಯುವ ಏಣು ಇಲ್ಲದಿರಬಹುದು. ಅಂಥ ರಿಮ್ಮಿಗೂ, ತಂತಿ ಕಡ್ಡಿಗಳ ಚಕ್ರಕ್ಕೂ ಟ್ಯೂಬ್ ಹಾಕಲೇಬೇಕು, ಅದೂ ರೇಡಿಯಲ್‌ಗೆಂದು ಬರೆದಿರುವ, ಅಳತೆಗೆ ಸರಿಯಾದ ಟ್ಯೂಬ್. ಟೈರಿನ ಒಳಮೈಗೆ ಅಂಟಿಸಿರುವ ಕಾಗದದ ಚೀಟಿಯನ್ನು ಕಿತ್ತು ಹಾಕಿದ್ದಾರೆಯೇ ಎಂದು ಪಕ್ಕದಲ್ಲೇ ನಿಂತು ನೋಡಿ. ಅದರ ಅಂಚು ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ.

ಅಪರೂಪದ ಅಳತೆಗಳು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರುತ್ತವೆ. ಡಿಒಟಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 3519 ಎಂದರೆ 2019ರ 35ನೇ ವಾರ. ಅಲ್ಲಿ ಮೂರೇ ಅಂಕಿ ಇದ್ದರೆ ಆ ಟೈರು 2000ಕ್ಕಿಂತ ಮೊದಲಿನದು, ಬಟನ್ನು ಎಷ್ಟೇ ಹೊಸದಾಗಿ ಕಂಡರೂ ಮುಟ್ಟಬೇಡಿ. ಹಳೆಯ ಅಳತೆಗಳನ್ನು ಇಂದಿಗೂ ಹೊಸದಾಗಿ ಮಾಡುವ ತಯಾರಕರಿದ್ದಾರೆ, ಮಿಶೆಲಿನ್ ಮತ್ತು ಪಿರೆಲ್ಲಿ ಅವರಲ್ಲಿ ಸೇರಿವೆ. ಬೆಲೆ ಹೆಚ್ಚು, ಆದರೆ ಮೇಲಿನ ಲೆಕ್ಕಗಳಲ್ಲಿ ಯಾವುದೂ ಹೊಂದದ ಕಾರಿಗೆ ಅದೇ ಸರಿಯಾದ ಉತ್ತರ. ಮೂಲಕ್ಕಿಂತ ಬೇರೆ ಅಳತೆ ಹಾಕಿಸುವವರು ತಮ್ಮ ದೇಶದ ನೋಂದಣಿ ನಿಯಮ ಮತ್ತು ವಿಮೆಯ ಷರತ್ತುಗಳನ್ನೂ ಒಮ್ಮೆ ಓದಿಕೊಳ್ಳಬೇಕು.

ಹಾಕಿಸಿದ ಮೇಲೆ ಗಾಳಿಯ ಒತ್ತಡವನ್ನು ಹೊಸದಾಗಿ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಕೈಪಿಡಿಯ ಅಂಕಿ ಕ್ರಾಸ್‌ಪ್ಲೈಗೆ ಹೇಳಿದ್ದಾದರೆ ರೇಡಿಯಲ್‌ಗೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಬೇಕು. ಟೈರಿನ ತಯಾರಕರು ಅಳತೆ ಮತ್ತು ಆಕ್ಸಲಿನ ಭಾರಕ್ಕೆ ತಕ್ಕ ಅಂಕಿ ಹೇಳಬಲ್ಲರು. ಎಂಜಿನ್ ಹಿಂದಿರುವ ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಒತ್ತಡಗಳ ನಡುವೆ ದೊಡ್ಡ ಅಂತರ ಇಟ್ಟಿರುವುದು ಕಾರು ನೆಟ್ಟಗಿರಲೆಂದೇ. ಒತ್ತಡ ಬದಲಾದರೂ ಆ ಅಂತರವನ್ನು ಕಾಪಾಡಿಕೊಳ್ಳಿ. ಖಾಲಿ ರಸ್ತೆಯಲ್ಲಿ ಫೋನಿನ ಜಿಪಿಎಸ್ ತೋರಿಸುವ ವೇಗವನ್ನು ಸ್ಪೀಡೋಮೀಟರಿನ ಜೊತೆ 40, 60, 80 ರಲ್ಲಿ ಹೋಲಿಸಿ, ವ್ಯತ್ಯಾಸವನ್ನು ಪಕ್ಕದಲ್ಲಿ ಕೂತವರಿಂದ ಬರೆಸಿಕೊಂಡು ಕೈಪಿಡಿಯೊಳಗೆ ಇಟ್ಟುಬಿಡಿ. ನೂರು ಕಿಲೋಮೀಟರು ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ ನೋಡಿ. ತಂತಿ ಬ್ರಷ್ಷಿನಿಂದ ಉಜ್ಜಿದ ರಿಮ್ಮು ಹಬ್ಬಿನ ಮೇಲೆ ಹೊಸದಾಗಿ ಕೂರುವಾಗ ಅವು ತುಸು ಸಡಿಲವಾಗುವುದುಂಟು.